ಅರ್ಬೆನ್ಸ್ ಪರಾರಿಯಾಗಲಿಲ್ಲ, ಸ್ವಾಮಿ

ಮಾನ್ಯ ಸಂಪಾದಕರೆ,

ಜೂನ್ 27ರ ನಿಮ್ಮ ‘ಇತಿಹಾಸದಲ್ಲಿ ಈ ದಿನ’ ಅಂಕಣದಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಅಧ್ಯಕ್ಷರಾಗಿದ್ದ ಹಕೋಬೊ ಅರ್ಬೆನ್ಸ್ ಅವರನ್ನು ‘ಕಮ್ಯುನಿಸ್ಟ್ ಸರ್ವಾಧಿಕಾರಿ’ ಎಂದು ಕರೆದು, ‘ದೇಶ ಬಿಟ್ಟು ಪರಾರಿ’ ಎಂಬ ಶೀರ್ಷಿಕೆಯ ಕೆಳಗೆ ಅವರು ಒಳಉಡುಪಿನಲ್ಲಿ ನಿಂತಿರುವ ಚಿತ್ರವನ್ನು ಅಚ್ಚು ಹಾಕಿದ್ದೀರಿ. ಮೂರು ಸಾಲಿನ ಬರಹದಲ್ಲಿ ಇಷ್ಟೊಂದು ತಪ್ಪುಗಳನ್ನು ತುರುಕಲು ಸಾಧ್ಯವೆಂದು ನಾನು ಅಂದುಕೊಂಡಿರಲಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ಬಡಾವಣೆಯ ಮಕ್ಕಳಿಗೆ ನಾನು ಸಂಜೆ ಹೊತ್ತು ಇತಿಹಾಸ ಹೇಳಿಕೊಡುತ್ತೇನೆ. ಅವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆಯೇ ನಿಮ್ಮ ಅಂಕಣ ಹರಿದಾಡಿ, ಸಂಜೆಯ ಪಾಠ ಪೂರ್ತಿ ವಾಗ್ವಾದದಲ್ಲಿ ಮುಗಿಯಿತು. ‘ಪೇಪರ್‌ನಲ್ಲೇ ಬಂದಿದೆಯಲ್ಲ ಸರ್’ ಎಂಬ ಮಾತಿನ ಮುಂದೆ ಮೂವತ್ತು ವರ್ಷ ಉಪನ್ಯಾಸಕನಾಗಿದ್ದವನ ಮಾತಿಗೆ ಕಿಮ್ಮತ್ತಿಲ್ಲ. ಪುಸ್ತಕ ತಂದು ತೋರಿಸೋಣವೆಂದು ಮಳೆಯಲ್ಲಿ ನೆನೆಯುತ್ತ ಗ್ರಂಥಾಲಯಕ್ಕೆ ಹೋದರೆ ಬಾಗಿಲಿಗೆ ಬೀಗ; ಸಿಬ್ಬಂದಿಯನ್ನು ಯಾವುದೋ ಸಮೀಕ್ಷೆಗೆ ಹಾಕಿದ್ದಾರಂತೆ. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ವಸೂಲಿ ಮಾಡುವುದಕ್ಕೆ ಮಾತ್ರ ಯಾವ ಸಮೀಕ್ಷೆಯೂ ಅಡ್ಡ ಬರುವುದಿಲ್ಲ.

ಇರಲಿ. ನೀವು ಸರ್ವಾಧಿಕಾರಿ ಎಂದು ಕರೆದ ಮನುಷ್ಯ, ಸರ್ವಾಧಿಕಾರವನ್ನು ಕಿತ್ತೊಗೆದ 1944ರ ಅಕ್ಟೋಬರ್ ಕ್ರಾಂತಿಯ ಮುಂಚೂಣಿಯಲ್ಲಿದ್ದ ಸೇನಾಧಿಕಾರಿ. ಕೆಟ್ಸಾಲ್ತೆನಾಂಗೊ ನಗರದಲ್ಲಿ 1913ರಲ್ಲಿ ಹುಟ್ಟಿದ ಅವರು, ಸ್ವಿಸ್ ಮೂಲದ ತಂದೆಯ ಔಷಧ ವ್ಯಾಪಾರ ನೆಲಕಚ್ಚಿದ್ದರಿಂದ ವಿದ್ಯಾರ್ಥಿವೇತನ ಪಡೆದು ಸೈನಿಕ ಶಾಲೆಯಲ್ಲಿ ಓದಿದವರು. ಕ್ರಾಂತಿಯ ನಂತರ ಆಯ್ಕೆಯಾದ ಹುವಾನ್ ಹೋಸೆ ಅರೆವಾಲೊ ಅವರ ಸರ್ಕಾರದಲ್ಲಿ ರಕ್ಷಣಾ ಸಚಿವರಾಗಿದ್ದು, ಮುಂದೆ ಶೇ 60ಕ್ಕೂ ಹೆಚ್ಚು ಮತ ಗಳಿಸಿ 1951ರ ಮಾರ್ಚ್‌ನಲ್ಲಿ ಅಧ್ಯಕ್ಷರಾದರು. 1949ರಲ್ಲಿ ಅವರ ಪ್ರತಿಸ್ಪರ್ಧಿ ಫ್ರಾನ್ಸಿಸ್ಕೊ ಅರಾನಾ ಗುಂಡೇಟಿಗೆ ಬಲಿಯಾದಾಗ ಅರ್ಬೆನ್ಸ್ ಮೇಲೆ ಆರೋಪ ಬಂದದ್ದುಂಟು; ದೂಷಿಸಲೇಬೇಕೆಂದಿದ್ದರೆ ನಿಮ್ಮ ಅಂಕಣಕಾರರು ಅದನ್ನು ಬರೆಯಬಹುದಿತ್ತು. ಅವರಿಗೆ ಕಮ್ಯುನಿಸ್ಟ್ ಗೆಳೆಯರಿದ್ದರು, ಸಲಹೆಗಾರರಿದ್ದರು, ನಿಜ. ಆದರೆ ಸಂಪುಟದಲ್ಲಿ ಒಬ್ಬ ಕಮ್ಯುನಿಸ್ಟ್ ಸಚಿವನೂ ಇರಲಿಲ್ಲ, ಅರ್ಬೆನ್ಸ್ ಸ್ವತಃ ಪಕ್ಷ ಸೇರಿದ್ದು ಅಧಿಕಾರ ಕಳೆದುಕೊಂಡು ಪರದೇಶಿಯಾದ ಮೇಲೆ, 1957ರಲ್ಲಿ.

ಅವರು ಮಾಡಿದ ಮಹಾಪರಾಧವೆಂದರೆ 1952ರ ಜೂನ್ 17ರಂದು ಹೊರಡಿಸಿದ 900ನೇ ಶಾಸನ. 672 ಎಕರೆಗಿಂತ ದೊಡ್ಡ ಹಿಡುವಳಿಗಳಲ್ಲಿ ಉಳುಮೆ ಮಾಡದೆ ಪಾಳು ಬಿಟ್ಟ ಭೂಮಿಯನ್ನು ಸರ್ಕಾರ ತೆಗೆದುಕೊಂಡು ಭೂಹೀನರಿಗೆ ಹಂಚುವುದು, ಮಾಲೀಕರಿಗೆ 25 ವರ್ಷದ ಬಾಂಡ್‌ಗಳ ಮೂಲಕ ಪರಿಹಾರ ಕೊಡುವುದು ಅದರ ಸಾರ. ಅಧ್ಯಕ್ಷರ ಸ್ವಂತ ಜಮೀನೂ ಇದರಲ್ಲಿ ಹೋಯಿತು. ಎರಡೇ ವರ್ಷದಲ್ಲಿ ಸುಮಾರು ಒಂದು ಲಕ್ಷ ಕುಟುಂಬಗಳಿಗೆ ನೆಲ ಸಿಕ್ಕಿತು. ದೇಶದ ಅತಿ ದೊಡ್ಡ ಭೂಮಾಲೀಕನಾಗಿದ್ದ, ಬಾಳೆಹಣ್ಣಿನ ವ್ಯಾಪಾರದ ಅಮೆರಿಕನ್ ಸಂಸ್ಥೆ ಯುನೈಟೆಡ್ ಫ್ರೂಟ್ ಕಂಪನಿಗೆ ಸರ್ಕಾರ ಕೊಡಲು ಬಂದ ಪರಿಹಾರ 6 ಲಕ್ಷ 27 ಸಾವಿರ ಡಾಲರ್. ತೆರಿಗೆ ಉಳಿಸಲು ಕಂಪನಿಯೇ ದಾಖಲೆಯಲ್ಲಿ ಬರೆಸಿದ್ದ ಬೆಲೆ ಅದು. 1954ರ ಏಪ್ರಿಲ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಕಂಪನಿಯ ಪರವಾಗಿ 1 ಕೋಟಿ 58 ಲಕ್ಷ ಡಾಲರ್ ಕೇಳಿತು. ಆ ಇಲಾಖೆಯ ಮುಖ್ಯಸ್ಥ ಜಾನ್ ಫಾಸ್ಟರ್ ಡಲ್ಲೆಸ್ ಹಿಂದೆ ಇದ್ದ ವಕೀಲರ ಸಂಸ್ಥೆ ಇದೇ ಕಂಪನಿಗಾಗಿ ಕೆಲಸ ಮಾಡಿತ್ತು. ಅವರ ತಮ್ಮ ಅಲೆನ್ ಡಲ್ಲೆಸ್ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ನಿರ್ದೇಶಕ. ಎಂಥ ಅನ್ಯೋನ್ಯ ಸಂಸಾರ!

ಈ ಲೆಕ್ಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಮುಖ್ಯರಸ್ತೆ ಅಗಲ ಮಾಡಿದಾಗ ನನ್ನ ಕಾಂಪೌಂಡ್ ಗೋಡೆಯೂ ಅದರ ಪಕ್ಕದ ಸಂಪಿಗೆ ಮರವೂ ಹೋದವು. ಪರಿಹಾರ ಕಡಿಮೆಯಾಯಿತೆಂದು ಕೇಳಿದ್ದಕ್ಕೆ ಅಧಿಕಾರಿಯು ಕ್ರಯಪತ್ರದ ಪುಟ ತಿರುವಿ, ಅದರಲ್ಲಿದ್ದ ಬೆಲೆಯ ಮೇಲೆ ಪೆನ್ನಿನ ತುದಿಯಿಟ್ಟು, ‘ನೀವೇ ಬರೆಸಿದ್ದಲ್ಲವೇ’ ಎಂದರು. ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ. ನನ್ನ ಪರವಾಗಿ ಯಾವ ದೇಶದ ವಿದೇಶಾಂಗ ಇಲಾಖೆಯೂ ಪತ್ರ ಬರೆಯಲಿಲ್ಲ, ವಿಮಾನಗಳೂ ಬರಲಿಲ್ಲ. ಆ ಕಡಿಮೆ ಪರಿಹಾರದ ಹಣವೂ ಇವತ್ತಿಗೂ ಬಂದಿಲ್ಲ. ಕಡತ ‘ಮೇಲೆ ಹೋಗಿದೆ’ ಎನ್ನುತ್ತಾರೆ. ಎಷ್ಟು ಮೇಲೆ ಎಂದು ಹೇಳುವವರಿಲ್ಲ.

ಗ್ವಾಟೆಮಾಲಾಕ್ಕೆ ವಿಮಾನಗಳು ಬಂದವು. 1954ರ ಜೂನ್ 18ರಂದು ಸಿಐಎ ಸಾಕಿದ ಗ್ವಾಟೆಮಾಲಾದ ಮಾಜಿ ಸೇನಾಧಿಕಾರಿ ಕಾಸ್ತಿಯೊ ಅರ್ಮಾಸ್ ಐನೂರಕ್ಕೂ ಕಡಿಮೆ ಜನರನ್ನು ಕಟ್ಟಿಕೊಂಡು ಗಡಿ ದಾಟಿದ. ಅದನ್ನೇ ಮಹಾಸೈನ್ಯವೆಂದು ಸಿಐಎಯ ಗುಪ್ತ ರೇಡಿಯೊ ಸಾರಿತು. ಅಮೆರಿಕವೇ ನೇರವಾಗಿ ಯುದ್ಧಕ್ಕೆ ಇಳಿದೀತೆಂಬ ಭಯದಿಂದ ಸೇನಾಧಿಕಾರಿಗಳು ಕೈಚೆಲ್ಲಿದರು. 27ರಂದು ಅರ್ಬೆನ್ಸ್ ರೇಡಿಯೊದಲ್ಲಿ ರಾಜೀನಾಮೆ ಓದಿ, ರಾಜಧಾನಿಯಲ್ಲಿಯೇ ಇದ್ದ ಮೆಕ್ಸಿಕೊ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದರು. ಎರಡು ತಿಂಗಳಿಗೂ ಹೆಚ್ಚು ಕಾಲ ಅಲ್ಲಿದ್ದು, ಹೊಸ ಸರ್ಕಾರದ ಅನುಮತಿಯ ಮೇಲೆಯೇ ಸೆಪ್ಟೆಂಬರ್‌ನಲ್ಲಿ ದೇಶ ಬಿಟ್ಟರು. ಅನುಮತಿ ಪಡೆದು ಹೊರಡುವುದನ್ನು ಪರಾರಿ ಎನ್ನುವ ಪದ್ಧತಿ ನಿಮ್ಮ ಕಚೇರಿಯಲ್ಲಿ ಮಾತ್ರ ಇರಬೇಕು. ಆಭರಣ ಬಚ್ಚಿಟ್ಟುಕೊಂಡಿದ್ದಾರೆಂಬ ನೆಪದಲ್ಲಿ ವಿಮಾನ ನಿಲ್ದಾಣದಲ್ಲಿ ಛಾಯಾಗ್ರಾಹಕರ ಎದುರು ಅವರ ಬಟ್ಟೆ ಬಿಚ್ಚಿಸಿದರು. ಸಿಕ್ಕಿದ್ದು ಏನೂ ಇಲ್ಲ. ಜೂನ್ 27ರದೆಂದು ನೀವು ಹಾಕಿರುವ ಚಿತ್ರ ಈ ಸೆಪ್ಟೆಂಬರ್‌ನದು. ಅವಮಾನಿಸಲೆಂದೇ ತೆಗೆದ ಚಿತ್ರವನ್ನು ಎಪ್ಪತ್ತು ವರ್ಷ ಕಳೆದ ಮೇಲೂ ಅದೇ ಉದ್ದೇಶಕ್ಕೆ ಬಳಸಿದ ಕೀರ್ತಿ ನಿಮ್ಮ ಪತ್ರಿಕೆಯದು.

ಆಮೇಲಿನ ಅವರ ಬದುಕು ಊರೂರು ಅಲೆದಾಟ: ಸ್ವಿಟ್ಜರ್‌ಲೆಂಡ್, ಪ್ರಾಗ್, ಮಾಸ್ಕೊ, ಉರುಗ್ವೆ, ಕ್ಯೂಬಾ. 1965ರಲ್ಲಿ ಮಗಳು ಅರಬೆಲ್ಲಾ ಬೊಗೋಟಾದಲ್ಲಿ ಆತ್ಮಹತ್ಯೆ ಮಾಡಿಕೊಂಡಳು. 1971ರ ಜನವರಿ 27ರಂದು ಅರ್ಬೆನ್ಸ್ ಮೆಕ್ಸಿಕೊ ನಗರದ ಮನೆಯ ಸ್ನಾನದ ತೊಟ್ಟಿಯಲ್ಲಿ ಸತ್ತರು. ಅತ್ತ ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆದು ಎರಡು ಲಕ್ಷ ಜನ ಸತ್ತರು ಅಥವಾ ಕಣ್ಮರೆಯಾದರು. 2011ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಆಲ್ವರೊ ಕೊಲೊಮ್ ಅರ್ಬೆನ್ಸ್ ಅವರ ಮಗನ ಮುಂದೆ ನಿಂತು ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಒಂದು ದೇಶವೇ ಕ್ಷಮೆ ಕೇಳಿದ ವಿಷಯ ನಿಮ್ಮ ಸಂಪಾದಕೀಯ ವಿಭಾಗಕ್ಕೆ ಇನ್ನೂ ತಲುಪಿಲ್ಲವೆಂದರೆ ಅಲ್ಲಿಯೂ ಕಡತ ‘ಮೇಲೆ ಹೋಗಿರಬೇಕು’.

ಆದ್ದರಿಂದ ಅದೇ ಪುಟದಲ್ಲಿ, ಅದೇ ಗಾತ್ರದಲ್ಲಿ ತಿದ್ದುಪಡಿ ಪ್ರಕಟಿಸಬೇಕು, ಅಥವಾ ಅಂಕಣವನ್ನೇ ನಿಲ್ಲಿಸಬೇಕು; ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಟೆಂಡರ್ ಪ್ರಕಟಣೆಗಳ ಸಂದಿಯಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕಾದ ‘ವಿಷಾದಿಸುತ್ತೇವೆ’ ನಮಗೆ ಬೇಡ. ಸಂಬಂಧಪಟ್ಟ ಇಲಾಖೆಯವರು ಗ್ರಂಥಾಲಯದ ಬಾಗಿಲನ್ನೂ ತೆರೆಸಲಿ. ನಿಮ್ಮ ಅಂಕಣಕಾರರನ್ನೇ ಮೊದಲು ಒಳಗೆ ಕಳಿಸಿ.

ಇತಿ,
ಒಬ್ಬ ನಿವೃತ್ತ ಇತಿಹಾಸ ಉಪನ್ಯಾಸಕ