ಒಡವೆ ಮಾರುವವರೇ, ವಾಪಸ್ ಬಂದ ನನ್ನ ಬಳೆ ಕಥೆ ಓದಿ

ನಮಸ್ಕಾರ. ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಒಡವೆ ಮಾರುತ್ತಿರುವವರು ಇದನ್ನು ಓದಿಯೇ ಮುಂದಿನ ಪಾರ್ಸೆಲ್ ಕಳಿಸಿ.

ಹೋದ ತಿಂಗಳು ನನ್ನ ಒಂದು ಜೊತೆ ಬಳೆ ಮಾರಾಟವಾಯಿತು. ನಾನು ಮಾರುವ ಆ್ಯಪ್‌ನಲ್ಲಿ ದುಬಾರಿ ಒಡವೆ ಕೊಂಡವರ ಕೈಗೆ ನೇರವಾಗಿ ಹೋಗುವುದಿಲ್ಲ, ಮಧ್ಯೆ ಮೂರನೆಯವರ ಪರೀಕ್ಷೆಗೆ ಹೋಗಬೇಕು. ಅಲ್ಲಿ ಹತ್ತು ದಿನ ಸುಮ್ನೆ ಕೂತು, "ವಿವರಣೆಗೆ ಹೊಂದುತ್ತಿಲ್ಲ" ಎಂಬ ಒಂದೇ ಸಾಲಿನ ಜೊತೆ ವಾಪಸ್ ಬಂತು. ನಕಲಿ ಅಂತಲ್ಲ! ನಾನು 22 ಕ್ಯಾರೆಟ್ ಎಂದು ಬರೆದಿದ್ದೆ, ಬಳೆ ಮೇಲೆ ಶುದ್ಧತೆಯ ಮುದ್ರೆ ಇಲ್ಲ, ಅಷ್ಟೇ. ಅಜ್ಜಿ ಕಾಲದ್ದು, ಊರಿನ ಅಕ್ಕಸಾಲಿಗರು ಮಾಡಿಕೊಟ್ಟಿದ್ದು; ಭಾರತದ ಮಾನಕ ಸಂಸ್ಥೆ ಬಿಐಎಸ್ ಚಿನ್ನಕ್ಕೆ ಹಾಲ್‌ಮಾರ್ಕ್ (ಶುದ್ಧತೆಯ ಮುದ್ರೆ) ಶುರು ಮಾಡಿದ್ದೇ 2000ದಲ್ಲಿ, ಪ್ರತಿ ಒಡವೆಗೂ ಬೇರೆ ಬೇರೆ ಸಂಕೇತ ಕೊಡುವ ಎಚ್‌ಯುಐಡಿ ಬಂದಿದ್ದು 2021ರಲ್ಲಿ, ಇನ್ನು ಅಜ್ಜಿ ಬಳೆಗೆ ಮುದ್ರೆ ಎಲ್ಲಿಂದ ಬರಬೇಕು? ಫೋನ್ ಮಾಡಿದರೆ ಆ್ಯಪ್‌ನವರು ಪರೀಕ್ಷಕರ ಮೇಲೆ ಹಾಕುತ್ತಾರೆ, ಪರೀಕ್ಷಕರ ಜೊತೆ ನಾವು ಮಾತಾಡುವ ಹಾಗೇ ಇಲ್ಲ.

ಇನ್ನೊಂದು ವಿಷಯ. ಎಕ್ಸ್-ರೇಯಿಂದ ಚಿನ್ನದ ಶುದ್ಧತೆ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಮೇಲಿನ ಪದರವನ್ನಷ್ಟೇ ಓದುತ್ತದೆ. ಹಳೇ ಬೆಸುಗೆಯ ಹತ್ತಿರ ಇಟ್ಟರೆ 22 ಕ್ಯಾರೆಟ್‌ಗೆ ಇರಬೇಕಾದ ಶೇ 91.6ಕ್ಕಿಂತ ಕಡಿಮೆ ತೋರಿಸಬಹುದು, ಯಾಕೆಂದರೆ ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಜಾಸ್ತಿ.

ಹಾಗಾಗಿ ಮುದ್ರೆ ಇಲ್ಲದಿದ್ದರೆ "ಮುದ್ರೆ ಇಲ್ಲ, ಪರೀಕ್ಷಿಸಿದಾಗ ಇಷ್ಟು ಬಂತು" ಎಂದೇ ಬರೆಯಿರಿ. ಕೂರಿಸಿದ ಹರಳಿನ ತೂಕಕ್ಕೆ "ಅಂದಾಜು" ಸೇರಿಸಿ, ಕಳಚದೆ ಅದನ್ನು ತೂಗಲು ಆಗುವುದಿಲ್ಲ. ಕಳಿಸುವ ಮೊದಲು ಒಡವೆಯನ್ನು ತಕ್ಕಡಿ ಮೇಲಿಟ್ಟು ಫೋಟೋ ತೆಗೆದಿಡಿ. ನನ್ನ ಬಳೆ ವಾಪಸ್ ಬಂದಾಗ ಒಂದು ಗೀರು ಇತ್ತು, ಮೊದಲಿನ ಫೋಟೋ ಇರಲಿಲ್ಲ. ಯಾರಿಗಾದರೂ ಹೀಗೇ ಆಗಿದ್ದರೆ ಇಲ್ಲೇ ಹೇಳಿ.