ಏಳು ಮಂದಿಗೆ ‘ಸೆವೆರಲ್’ ಎನ್ನಬಹುದೇ?

ಪ್ರಿಯ ಗೆಳೆಯಾ,

ದಾವಣಗೆರೆಯಲ್ಲಿ ಮೆಕ್ಕೆಜೋಳದ ಸುಗ್ಗಿ ನಡೆದಿದೆ. ನಿನ್ನೆ ಸಂಜೆ ಎಪಿಎಂಸಿ ಅಂಗಳದಲ್ಲಿ ಲಾಟ್ ಲಾಟಾಗಿ ಬಿದ್ದಿದ್ದ ರಾಶಿಗಳನ್ನು ನೋಡುತ್ತ ನಿಂತಿದ್ದಾಗ, ನನ್ನ ಟ್ಯುಟೋರಿಯಲ್‌ನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ ಎನಿಸಿತು. ‘ಎ ಲಾಟ್ ಆಫ್’, ‘ಪ್ಲೆಂಟಿ ಆಫ್’ ಎರಡಕ್ಕೂ ‘ಬಹಳ’ ಎಂದೇ ಅರ್ಥವಾದರೆ ಎರಡು ಪದಗಳೇಕೆ ಎಂಬುದು ಅವಳ ತಕರಾರು. ಲಾಟ್ ಎಂದರೆ ಮೊದಲು ಚೀಟಿ ಎತ್ತಿದಾಗ ಪಾಲಿಗೆ ಬಂದದ್ದು, ಆಮೇಲೆ ಹರಾಜಿಗಿಟ್ಟ ಸರಕಿನ ಗುಂಪು, ಕೊನೆಗೆ ಬರೀ ‘ಬಹಳ’. ಅದು ಸಾಕೋ ಸಾಲದೋ ಎಂಬ ಗೊಡವೆ ಆ ಪದಕ್ಕಿಲ್ಲ. ತುಂಬಿದ್ದು ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಪ್ಲೆಂಟಿಯಾದರೋ, ಬೇಕಾದಷ್ಟಿದೆ, ಇನ್ನು ಬಡಿಸಬೇಡಿ ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತದೆ. ನಮ್ಮ ‘ಸಾಕಷ್ಟು’ ಅದಕ್ಕೆ ಹತ್ತಿರದ್ದು. ಹೊಟ್ಟೆ ತುಂಬಿದವನೂ ಅದನ್ನೇ ಹೇಳುತ್ತಾನೆ, ಸಂಕೋಚಕ್ಕೆ ಸಿಕ್ಕವನೂ.

ಮೆನಿ, ಮಚ್‌ಗಳ ಜಗಳ ಸುಲಭದ್ದು: ಎಣಿಸಬಹುದಾದ ಜೋಳದ ಚೀಲಗಳು ಮೆನಿ, ಎಣಿಸಲಾಗದ ಜೋಳದ ಧೂಳು ಮಚ್. ವಿಪರೀತ ಹೆಚ್ಚು ಎಂಬರ್ಥದ ಪ್ಲೆಥೋರಾ ಮಾತ್ರ ಮೊದಲು ಮೈಯಲ್ಲಿ ರಕ್ತ ಅತಿಯಾದ ಕಾಯಿಲೆಯ ಹೆಸರಾಗಿತ್ತು. ಅದನ್ನು ಶುಭಾಶಯಗಳಿಗೆ ಅಂಟಿಸುವವರನ್ನು ಕಂಡರೆ ನನಗೆ ಈಗಲೂ ಭಯ.

ದೀಪಾವಳಿಗೆ ನೀನು ಫೋನಿನಲ್ಲಿ, “ಹುಡುಗರು ಬರುತ್ತಿದ್ದಾರೇನೋ?” ಎಂದು ಕೇಳಿದಾಗ ನಾನು ‘ಪ್ಲೆಂಟಿ’ ಎಂದೆ. ಅದಕ್ಕೂ ಮೊದಲು ಇಂಥದೇ ಬಹಿರಂಗ ಪತ್ರದಲ್ಲಿ, ಎಲ್ಲರೆದುರು, ‘ಸೆವೆರಲ್’ ಎಂದು ಬರೆದುಕೊಂಡಿದ್ದೆ. ಎರಡಕ್ಕಿಂತ ಹೆಚ್ಚು, ಮೆನಿಗಿಂತ ಕಡಿಮೆ ಎನ್ನುವ ಆ ಪದದ ಮರೆಯಲ್ಲಿ ಏಳು ಮಂದಿ ಆರಾಮವಾಗಿ ಅಡಗಬಹುದು. ಇರುವುದು ಏಳೇ ಮಂದಿ ಕಣೋ. ಆರು ಗಂಟೆಗೆಲ್ಲ ಬೀಗ ಹಾಕಿ, ಇಷ್ಟು ಬೇಗ ಬಂದಿರೇಕೆ ಎಂದು ಮನೆಯಲ್ಲಿ ಹೆಂಡತಿ ಕೇಳುತ್ತಾಳೆಂದು ಹೆದರಿ, ಎಪಿಎಂಸಿಯಲ್ಲಿ ಜೋಳ ನೋಡುತ್ತ ಹೊತ್ತು ಕಳೆಯುತ್ತೇನೆ. ನಿನ್ನೆ ಅಲ್ಲಿ ನಿಂತದ್ದು ಭಾಷಾಶಾಸ್ತ್ರಕ್ಕಾಗಿ ಅಲ್ಲ. (ಅವಳೂ ಇದನ್ನು ಓದುತ್ತಾಳೆ ಎಂಬುದು ಬರೆದ ಮೇಲೆ ಹೊಳೆಯಿತು.)

ಇರಲಿ ಬಿಡು. 1974ರಲ್ಲಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್, ಸರ್ಕಾರದ ಲೆಕ್ಕದಲ್ಲಿ ಬಿಲಿಯನ್ ಎಂದರೆ ಲಕ್ಷ ಕೋಟಿಯಲ್ಲ, ನೂರು ಕೋಟಿ ಎಂದು ಸಂಸತ್ತಿಗೆ ತಿಳಿಸಿದರು. ಸಾವಿರ ಪಟ್ಟು ಇಳಿಸಿದ ಅವರೇ ತಲೆಯೆತ್ತಿ ನಡೆದರು. ನಾನು ಬರೀ ನಲವತ್ತು ಹುಡುಗರಿಂದ ಏಳಕ್ಕೆ ಇಳಿದವನು.

ಚಿತ್ರದುರ್ಗದಿಂದ ಬಂದಾಗ ಬೆಣ್ಣೆ ದೋಸೆ ತಿನ್ನೋಣ, ಬಿಲ್ಲು ನಿನ್ನದು. ಆ ಹದಿಮೂರನೆಯ ದೋಸೆಯ ವಿಷಯವನ್ನು ಮಾತ್ರ ಇಲ್ಲಿ ಯಾರೂ ಎತ್ತಬಾರದು.

ನಿನ್ನ,
ಮಚ್ ಮೇಷ್ಟ್ರು