ನಮ್ಮ ಅಕ್ಕೋರಿಗೆ

ನರ್ಸಿಂಗ್ ಮುಗಿಸಿ ಈ ತಿಂಗಳು ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದೆ. ಎಲ್ಲರೂ ಶುಭ ಹಾರೈಸಿದ್ದೀರಿ, ತುಂಬಾ ಖುಷಿಯಾಗಿದೆ. ಇದರಲ್ಲಿ ದೊಡ್ಡ ಪಾಲು ನಮ್ಮ ಹೈಸ್ಕೂಲಿನ ವಿಜ್ಞಾನದ ಅಕ್ಕೋರದ್ದು. ಅದನ್ನು ಎಲ್ಲರ ಮುಂದೆಯೇ ಹೇಳಬೇಕು ಅನ್ನಿಸಿತು.

ನಮ್ಮೂರು ರೋಣದ ಕಡೆ. ನಾನು ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ನನ್ನ ಮೈಮೇಲೆ ದೇವಿ ಬರ್ತಾಳೆ ಅಂತ ಊರೆಲ್ಲ ಸುದ್ದಿ. ಮೈ ಸೆಟೆದು ಬಿದ್ದರೆ ಜನ ಕೈಮುಗಿಯುತ್ತಿದ್ದರು. ಎಚ್ಚರವಾದ ಮೇಲೆ ಹೇಳಿಕೆ ಕೇಳುತ್ತಿದ್ದರು. ಮಂಗಳವಾರ, ಶುಕ್ರವಾರ ಉಪವಾಸ. ಅಮಾವಾಸ್ಯೆಗೆ ಬೆಳತನಕ ಭಜನೆಯಲ್ಲಿ ಕೂರಬೇಕು. ಹೊಟ್ಟೆಗಿಲ್ಲದೆ ನಿದ್ದೆಗೆಟ್ಟರೆ ಮೂರ್ಛೆ ಜಾಸ್ತಿಯಾಗುತ್ತದೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಅದು ಬಂದಷ್ಟೂ ಪೂಜೆ ಜಾಸ್ತಿ, ಪೂಜೆ ಆದಷ್ಟೂ ಬರೋದು ಜಾಸ್ತಿ. ಆದರೆ ಬಿಸಿಯೂಟಕ್ಕೆ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಭಕ್ತಿ ಇದ್ದಷ್ಟೇ ಹೆದರಿಕೆಯೂ ಇರುತ್ತೆ, ಅಲ್ವಾ?

ಅಕ್ಕೋರು ಮನೆಗೆ ಬಂದರು. ದೇವಿಯ ಬಗ್ಗೆ ಒಂದು ಹಗುರ ಮಾತೂ ಆಡಲಿಲ್ಲ. "ಗುಡಿಗೆ ಹೋಗೂದು ಬಿಡಬ್ಯಾಡ್ರಿ ಯವ್ವಾ. ಧಾರವಾಡಕ್ಕೂ ಒಮ್ಮೆ ಹೋಗಿ ಬರೂಣು" ಅಂದರು ಅಷ್ಟೆ. ವಾದಕ್ಕೆ ಇಳಿದಿದ್ದರೆ ಅವ್ವ ಖಂಡಿತ ಒಪ್ಪುತ್ತಿರಲಿಲ್ಲ. ಅಲ್ಲಿನ ಮಿದುಳು, ಮನಸ್ಸಿನ ಕಾಯಿಲೆಗಳ ಆಸ್ಪತ್ರೆ ಡಿಮ್ಹಾನ್ಸ್‌ಗೆ ಅವರೇ ಜೊತೆಗೆ ಬಂದರು. ಇದು ಮೂರ್ಛೆರೋಗ, ಮಿದುಳಿನ ವಿದ್ಯುತ್ ಸಂಕೇತಗಳು ಒಮ್ಮೆಲೇ ಏರುಪೇರಾದರೆ ಹೀಗಾಗುತ್ತದೆ, ಗುಳಿಗೆ ತಪ್ಪಿಸದೆ ತಗೊಂಡರೆ 100 ಜನರಲ್ಲಿ 70 ಜನರವರೆಗೆ ಹಿಡಿತಕ್ಕೆ ಬರುತ್ತದೆ ಅಂತ ಡಾಕ್ಟರು ತಿಳಿಸಿ ಹೇಳಿದರು.

ಆಮೇಲೆ ಕ್ಲಾಸಿನಲ್ಲಿ ಅಕ್ಕೋರು ಮಾಡಿದ್ದು ಇನ್ನೂ ದೊಡ್ಡದು. ನನ್ನನ್ನು ಕೇಳಿ, ನಾನು ಹೂಂ ಅಂದ ಮೇಲೆ, ಬೆಂಚು ಸರಿಸಿ ತಾವೇ ನೆಲದ ಮೇಲೆ ಮಲಗಿದರು. "ಈಗ ನನ್ನ ಮಗ್ಗಲಿಗೆ ಹೊರಳಸ್ರಿ" ಅಂದರು. ಕೈಕಾಲು ಹಿಡಿಯಬಾರದು. ಬಾಯಿಗೆ ನೀರು, ಚಮಚ ಏನೂ ಹಾಕಬಾರದು. ಕೈಗೆ ಕಬ್ಬಿಣ ಕೊಡೋದು ಬೇಡ. ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು. ಒಬ್ಬೊಬ್ಬರಿಂದಲೂ ಮಾಡಿಸಿದರು.

ಮುಂದೊಂದು ದಿನ ಕ್ಲಾಸಿನಲ್ಲೇ ಮೂರ್ಛೆ ಬಂತು. ಎಚ್ಚರವಾದಾಗ ತಲೆ ಕೆಳಗೆ ಯಾರದೋ ಪಾಟಿಚೀಲ. "ಎರಡ ನಿಮಿಷ ಆತ್ರಿ ಅಕ್ಕೋರ" ಅಂತ ಹುಡುಗನೊಬ್ಬ ಲೆಕ್ಕ ಒಪ್ಪಿಸುತ್ತಿದ್ದ. ಯಾರೂ ಕೈಮುಗಿದಿರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಪಕ್ಕದ ಗೆಳತಿ ಪುಸ್ತಕ ತೆರೆದು "ಪಾಠ ಇಲ್ಲಿಗೆ ನಿಂತದ ನೋಡ" ಅಂತ ಬೆರಳಿಟ್ಟು ತೋರಿಸಿದಳು. ನಾನು ಅವರಲ್ಲಿ ಒಬ್ಬಳಾಗಿದ್ದು ಅವತ್ತೇ.

ನಮ್ಮ ಕ್ಲಾಸಿನಲ್ಲಿ ತೊನ್ನು ಇದ್ದ ಹುಡುಗನೂ ಇದ್ದ. ನಾಗದೋಷ ಅಂತ ಅವನನ್ನು ಯಾರೂ ಮುಟ್ಟುತ್ತಿರಲಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಕಡಿಮೆಯಾದರೆ ಹೀಗಾಗುತ್ತೆ, ಮುಟ್ಟಿದರೆ ಹರಡಲ್ಲ ಅಂತ ಪಾಠ ಮಾಡಿ, ಅವನನ್ನೇ ಖೋಖೋ ತಂಡದ ನಾಯಕ ಮಾಡಿದರು.

ಅಂದು ಜೊತೆಗಿದ್ದ ಗೆಳೆಯ ಗೆಳತಿಯರೇ, ನಿಮಗೂ ಮನಸಾರೆ ಧನ್ಯವಾದ. ಅಕ್ಕೋರ, ಮೊದಲ ಪಗಾರ ಆಗೇದ. ಬರೋ ರವಿವಾರ ಅವ್ವನ್ನ ಕರ್ಕೊಂಡು ನಿಮ್ಮ ಮನಿಗೆ ಬರ್ತೀನ್ರಿ.